ರೇತ್ ಬಹಾದ್ದೂರನ ಸಿಟ್ಟು

ಗೊಂಬೆಯ ತಲೆ ಸರಿಯಿಲ್ಲವೆಂದು ಜಗಳಕ್ಕೆ ಬಂದ ಗಿರಾಕಿಯನ್ನು ಶಿವಪ್ರಕಾಶ ಅದೇ ಮೊದಲ ಸಲ ಕಂಡದ್ದು.

ದೀಪಾವಳಿ ಹತ್ತಿರ ಬಂದಿತ್ತು. ಹೈದರಾಬಾದಿನ ಬೇಗಂ ಬಜಾರಿನ ಗಲ್ಲಿಯಲ್ಲಿ ಕೈಗಾಡಿ, ಸ್ಕೂಟರ್, ಸ್ಟೀಲ್ ಡಬ್ಬಿಗಳ ಗುಡ್ಡ, ಅದರ ನಡುವೆ ಮಂದಿ. ಸೋದರಮಾವ ಕಲ್ಯಾಣಪ್ಪನ ಆಟಿಕೆ ಅಂಗಡಿಯ ಕಟ್ಟೆಯ ಮೇಲೆ ಕೂತು ಶಿವಪ್ರಕಾಶ ಬೆಳಗಿನಿಂದ ಎಲ್ಲರ ಮೇಲೂ ಹರಿಹಾಯುತ್ತಿದ್ದ. ಚೌಕಾಸಿ ಮಾಡಿದವರ ಮೇಲೆ, ಮಾಡದೆ ಸುಮ್ಮನೆ ಮುಟ್ಟಿ ಹೋದವರ ಮೇಲೆ, ಹಾರ್ನ್ ಹೊಡೆದವರ ಮೇಲೆ. ಒಂಬತ್ತನೇ ಇಯತ್ತೆಯಲ್ಲಿ ಮಾಸ್ತರರ ಜೊತೆ ಜಗಳ ತೆಗೆದು ಪಾಟಿಚೀಲ ಎಸೆದು ಬಂದವನು ಅವನು. ಆ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಅಂಥವನ ಎದುರಿಗೆ ಅವಳು ಪ್ಲಾಸ್ಟಿಕ್ ಸೈನಿಕನೊಬ್ಬನನ್ನು ಟಪ್ಪೆಂದು ಇಟ್ಟಳು.

"ಭಾಯ್, ಯೇ ಕ್ಯಾ ಹೈ?"

ಹಳದಿ ಕುರ್ತಾ. ಕೊರಳಲ್ಲಿ ಬೇಗಂಪೇಟೆಯ ಯಾವುದೋ ಆಫೀಸಿನ ಗುರುತಿನ ಕಾರ್ಡು. ಎಡಹುಬ್ಬು ಬಲಹುಬ್ಬಿಗಿಂತ ಒಂದು ಕೂದಲೆಳೆ ಮೇಲೆ ನಿಂತಿತ್ತು, ಜಗಳಕ್ಕೆ ತಾನೇ ಮುಂದೆ ಬಂದಂತೆ.

"ರೇತ್ ಬಹಾದ್ದೂರ್. ಫೌಲಾದ್ ಫೌಜ್ ಕಾ. ಕ್ಯಾ ಹುವಾ?"

"ಮುಂಡೀ ದೇಖೋ ಇಸ್ಕೀ." ಅವಳು ಗೊಂಬೆಯ ತಲೆಯನ್ನು ಬೆರಳಿನಿಂದ ತಟ್ಟಿದಳು.

ಫೌಲಾದ್ ಫೌಜ್ ಎಂದರೆ ಟೀವಿಯ ಹಳೇ ಕಾರ್ಟೂನಿನ ಸೈನ್ಯ. ಹಿಮಕ್ಕೊಬ್ಬ, ಕಾಡಿಗೊಬ್ಬ, ಸಮುದ್ರಕ್ಕೊಬ್ಬ ಸೈನಿಕ. ಮರಳುಗಾಡಿಗೆ ರೇತ್ ಬಹಾದ್ದೂರ. ಕಾರ್ಟೂನ್ ನಿಂತು ವರ್ಷಗಳಾಗಿದ್ದರೂ ಗೊಂಬೆಗಳು ಮೂಟೆಯಲ್ಲಿ ಬಿಡಿಬಿಡಿಯಾಗಿ ಬರುತ್ತಿದ್ದವು, ಮೈ ಬೇರೆ, ತಲೆ ಬೇರೆ. ಜೋಡಿಸುವ ಕೆಲಸ ಶಿವಪ್ರಕಾಶನದು. ಬೇಸರ ಬಂದ ದಿನ ಕೈಗೆ ಸಿಕ್ಕ ತಲೆ ಸಿಕ್ಕ ಮೈಗೆ. ಈಗ ಅವಳ ಕೈಯಲ್ಲಿದ್ದವನ ಅಂಗಿ, ಬೂಟು, ಹೆಗಲ ನೀರಿನ ಚೀಲ ಎಲ್ಲ ಮರಳಿನ ಬಣ್ಣದವು. ತಲೆಯ ಮೇಲೆ ಮಾತ್ರ ಹಿಮದ ಸೈನಿಕನ ಬಿಳಿ ತುಪ್ಪಳದ ಟೋಪಿ.

"ಖಿಲೋನಾ ಹೈ ಮೇಡಮ್. ಮುಂಡೀ ಕೌನ್ ದೇಖ್ತಾ?"

"ಮೈ ದೇಖ್ತೀ!" ಅಂದವಳು ಪಕ್ಕಕ್ಕೆ ಮುಖ ತಿರುಗಿಸಿ, ಈ ಊರಲ್ಲಿ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯದಲ್ಲಿ, ಅಚ್ಚ ಕನ್ನಡದಲ್ಲಿ ಗೊಣಗಿದಳು: "ಮಾರಿ ನೋಡು, ಸುಟ್ಟ ಬದನಿಕಾಯಿ ಇದ್ದಂಗ ಅದ. ಇಂಥಾವನ್ನ ಅಂಗಡ್ಯಾಗ ಯಾರು ಕೂಡಿಸ್ಯಾರೋ ಏನೋ."

"ನಮ್ಮ ಮಾಮಾ ಕೂಡಿಸ್ಯಾನ್ರಿ," ಅಂದ ಶಿವಪ್ರಕಾಶ. "ಮತ್ತ ಬದನಿಕಾಯಿ ಇನ್ನೂ ಸುಟ್ಟಿಲ್ಲ. ಈಗ ನೀವು ಬೆಂಕಿ ಹಚ್ಚಾಕತ್ತೀರಿ."

ಅವಳ ಕಿವಿಯ ತುದಿ ಕೆಂಪಾಯಿತು. ಆ ಕೆಂಪು ಕೆನ್ನೆಗೆ ಇಳಿಯಿತು. ಆದರೆ ಹುಬ್ಬು ಇಳಿಯಲಿಲ್ಲ.

"ಕನ್ನಡ ಬರ್ತದ?"

"ಜಮಖಂಡಿ ನಮ್ಮದು."

"ಭಾಳ ಛಲೋ ಆತು. ಹಿಂದ್ಯಾಗ ಬೈಯೂದು ನನಗೂ ಸರಿ ಬರೂದಿಲ್ಲ. ಕೇಳ್ರಿ ಹಂಗಾದ್ರ. ಮರಳುಗಾಡಿನ್ಯಾಗ ನಿಲ್ಲೋ ಮನಶ್ಯಾಗ ಕುಲಾಯಿ ಹಾಕಿ ಕಳಸೀರಲ್ಲ, ನಾಚಿಕಿ ಆಗೂದಿಲ್ಲ? ಇಂವಾ ನಮ್ಮ ಕಿಲ್ಲಾದ ರಾಜಾ!"

ಶಿವಪ್ರಕಾಶನಿಗೆ ಜಗಳವೇ ಮರೆತುಹೋಯಿತು. ಕಿಲ್ಲಾ! ಜಮಖಂಡಿ ಬಿಟ್ಟ ಮೇಲೆ ಆ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ದೀಪಾವಳಿಗೆ ಅಂಗಳದಲ್ಲಿ ಇಟ್ಟಿಗೆ ಒಟ್ಟಿ, ಕೆಸರಲ್ಲಿ ಅದ್ದಿದ ಗೋಣಿತಟ್ಟು ಹೊದಿಸಿ, ಸಾಸಿವೆ ಚೆಲ್ಲಿ ಹಸಿರು ಬರಿಸಿ, ಬುರುಜಿನ ಮೇಲೆ ಸೈನಿಕನನ್ನು ನಿಲ್ಲಿಸುವ ಮಣ್ಣಿನ ಕೋಟೆ. ಅದಕ್ಕಾಗಿ ಓಣಿ ಓಣಿಗಳ ನಡುವೆ ತಲೆ ಒಡೆದುಕೊಂಡದ್ದಿತ್ತು.

"ಹೈದರಾಬಾದಿನ್ಯಾಗ ಕಿಲ್ಲಾ ಕಟ್ತೀರೇನ್ರಿ?"

"ಮಿಯಾಪುರದಾಗ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನ್ಯಾಗ. ಅಥಣಿ ಮಂದಿ ನಾವು, ಬಿಡ್ತೀವೇನು?" ಅವಳು ಅಲ್ಲೇ ಬಿದ್ದಿದ್ದ ರಟ್ಟಿನ ಮೇಲೆ ನಂಬರ್ ಬರೆದಳು. ಮಂದಾರ ಎಂದು ಹೆಸರು. "ಖರೇ ತಲಿ ಸಿಕ್ರ ಫೋನ್ ಮಾಡ್ರಿ. ಸಿಗಲಿಲ್ಲಂದ್ರ ನಾನಽ ಬಂದು ನಿಮ್ಮ ತಲಿ ತೊಗೊಂಡು ಹೋಗ್ತೀನಿ."

ಗೊಂಬೆಯನ್ನು ಚೀಲಕ್ಕೆ ತುರುಕಿಕೊಂಡು ಹಳದಿ ಕುರ್ತಾ ಗದ್ದಲದಲ್ಲಿ ಕರಗಿತು. ಶಿವಪ್ರಕಾಶನ ತಲೆಯನ್ನು ಅವಳು ಆಗಲೇ ತೆಗೆದುಕೊಂಡು ಹೋಗಿದ್ದಳು.

ಅವನು ಮೂಟೆಗಳನ್ನೆಲ್ಲ ನೆಲಕ್ಕೆ ಸುರಿದ. ಹುಡುಕಿ ಹುಡುಕಿ ಕೊನೆಗೆ ಹಿಮದ ಸೈನಿಕನೊಬ್ಬನ ಕುತ್ತಿಗೆಯ ಮೇಲೆ ರೇತ್ ಬಹಾದ್ದೂರ ಸಿಕ್ಕ. ತಲೆಗೆ ಸುತ್ತಿದ ರುಮಾಲು, ಹಣೆಯ ಮೇಲೆ ಏರಿಸಿದ ಧೂಳಿನ ಕನ್ನಡಕ, ಗಂಟಿಕ್ಕಿದ ಹುಬ್ಬು.

"ಏನ್ ಹುಡುಕಾಕತ್ತಿಯೋ?" ಕೇಳಿದ ಕಲ್ಯಾಣಪ್ಪ.

"ತಲಿ, ಮಾಮಾ."

"ಈಗ ಬಂದು ಹೋದಾಕಿ ಒಯ್ದಾಳ, ನಾ ನೋಡೀನಿ." ಕಲ್ಯಾಣಪ್ಪ ಎಲೆಗೆ ಸುಣ್ಣ ಹಚ್ಚುತ್ತ ನಕ್ಕ. "ಹೋಗು, ಕೊಟ್ಟು ಬಾ. ಆದ್ರ ಒಂದು ಮಾತು ಕೇಳು. ಅಲ್ಲಿ ಹೋಗಿ ಈ ನಿನ್ನ ಬುಸುಬುಸು ತೋರಿಸಬ್ಯಾಡ. ಹೆಣ್ಣಮಕ್ಕಳಿಗೆ ಸಿಟ್ಟಿನಂವ ಸೇರೂದಿಲ್ಲ. ಯಾರ ಏನಂದ್ರೂ ಹೂಂ ಅನ್ನು. ಹೂಂ ಅಂದಂವ ಗೆದ್ದ."

ಫೋನಿನಲ್ಲಿ ವಿಳಾಸ ಕೇಳಿಕೊಂಡು ನಾಂಪಳ್ಳಿಯಲ್ಲಿ ಮೆಟ್ರೋ ಹತ್ತಿದವನು ಮಿಯಾಪುರದವರೆಗೆ ಹೂಂ ಅನ್ನುವುದನ್ನೇ ರೂಢಿ ಮಾಡುತ್ತ ಹೋದ. ಪಕ್ಕದಲ್ಲಿ ಕೂತವರು ಎದ್ದು ಬೇರೆ ಸೀಟಿಗೆ ಹೋದರು.

ಪಾರ್ಕಿಂಗಿನ ಮೂಲೆಯಲ್ಲಿ ಮಂದಾರ ಮೊಣಕೈವರೆಗೆ ಕೆಸರಾಗಿ ಕೂತಿದ್ದಳು. ಕೆನ್ನೆಯ ಮೇಲೂ ಒಂದು ಕೆಸರಿನ ಗೆರೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹುಕುಂ ಮಾಡುತ್ತಿದ್ದವಳು ಗಂಗೂಬಾಯಿ, ಮಂದಾರಳ ಸೋದರತ್ತೆ. ತಾಯಿ ತೀರಿಕೊಂಡ ಮೇಲೆ ಅವಳನ್ನು ಎತ್ತಿ ಬೆಳೆಸಿದವಳು.

"ಬಂದ ನೋಡ ಅತ್ಯಾ, ಬದನಿಕಾಯಿ," ಅಂದಳು ಮಂದಾರ.

"ಹೂಂರಿ," ಅಂದ ಶಿವಪ್ರಕಾಶ.

ಅವಳು ತಲೆ ಎತ್ತಿ ನೋಡಿದಳು. ಇದಲ್ಲ ಅವಳು ಕಾದಿದ್ದ ಉತ್ತರ.

"ಸ್ವಲ್ಪ ಬಿಸಿನೀರು ಕೊಡ್ತೀರೇನ್ರಿ ಬಾಯಾರ?" ಗಂಗೂಬಾಯಿಯನ್ನು ಕೇಳಿದ. "ತಲಿ ಮೆತ್ತಗಾಗಬೇಕು. ಇಲ್ಲಂದ್ರ ಕುತಗಿ ಮುರೀತೈತಿ."

ಪಾತ್ರೆಯ ಹಬೆಯಲ್ಲಿ ಇಬ್ಬರೂ ಬಗ್ಗಿ ಕೂತರು. ಬಿಳಿ ಟೋಪಿಯ ತಲೆ ಕಿತ್ತು ಅವಳು ಮೈ ಹಿಡಿದಳು, ಅವನು ಬಿಸಿ ತಲೆಯನ್ನು ಒತ್ತಿದ. ಬೆರಳಿಗೆ ಬೆರಳು ತಾಕಿತು. ಅವಳ ಬೆರಳ ಕೆಸರು ಅವನ ಬೆರಳಿಗೆ ಹತ್ತಿತು. ಟಕ್ಕೆಂದು ತಲೆ ಕೂತಿತು. ಕೈ ತೆಗೆಯುವುದು ಮಾತ್ರ ಇಬ್ಬರಿಗೂ ತುಸು ಮರೆತುಹೋಯಿತು.

"ನೋಡ್ರಿ ಈಗ," ಅಂದಳು, ದನಿ ತಗ್ಗಿಸಿ. "ಹೆಂಗ ಹುಬ್ಬು ಗಂಟ ಹಾಕ್ಯಾನ! ಯಾವಾಗ್ಲೂ ಸಿಟ್ಟು ಇವಂಗ. ಬೂಟಿನ್ಯಾಗ ಮರಳು ಹೊಕ್ಕದ್ದಕ್ಕ ಸೂರ್ಯನ್ನ ಬೈತಾನ. ತಾ ಏರಿದ ಒಂಟಿ ಜೋಡಿ ಜಗಳಾ ತಗೀತಾನ. ಆದ್ರ ನೀರಿಲ್ಲ, ನೆರಳಿಲ್ಲ, ಬಾಜೂಕ ಯಾರೂ ಇಲ್ಲ, ಅಂಥಲ್ಲೆ ತನ್ನ ಜಾಗಾ ಬಿಟ್ಟು ಒಂದು ಹೆಜ್ಜಿ ಸರಿಯೂದಿಲ್ಲ. ಸಣ್ಣಾಕಿ ಇದ್ದಾಗಿಂದ ಇವನ ಮ್ಯಾಲ ನನಗ ಜೀವ. ಹೋದ ವರ್ಷ ಪಟಾಕಿ ಕಿಡಿ ಬಿದ್ದು ಕರಗಿ ಹೋದ. ಎರಡು ದಿನಾ ಉಂಡಿಲ್ಲ ನಾನು."

ಅಂಗೈಯಷ್ಟು ಪ್ಲಾಸ್ಟಿಕ್ಕಿನ ಮೇಲೆ ಶಿವಪ್ರಕಾಶನಿಗೆ ಹೊಟ್ಟೆಕಿಚ್ಚು ಹತ್ತಿ ಉರಿಯಿತು. ಅದನ್ನೂ ನುಂಗಿ, "ಹೂಂ," ಅಂದ.

"ಕಿಲ್ಲಾ ಕಟ್ಟಲಿಕ್ಕೆ ಕೈ ಸಾಲೂದಿಲ್ಲೋ ತಮ್ಮಾ," ಅಂದಳು ಗಂಗೂಬಾಯಿ. "ಹಬ್ಬದ ಕಡೀ ದಿನಾ, ಭಾವುಬೀಜದ ತನಕಾ ನಿಲ್ಲಬೇಕಿದು. ಆ ದಿನಾ ಸಂಜಿಗೆ ಒಡೀತೀವಿ. ದಿನಾ ಬಂದು ಹೋಗು."

ಅಂದಿನಿಂದ ಅವನ ಸಂಜೆಗಳೆಲ್ಲ ಮಿಯಾಪುರದವು. ಅಂಗಡಿಯಲ್ಲಿ ಗುಡುಗಿ, ಮೆಟ್ರೋದಲ್ಲಿ ತಣ್ಣಗಾಗಿ, ಪಾರ್ಕಿಂಗಿಗೆ ಬರುವಷ್ಟರಲ್ಲಿ ಹಾಲಿನ ಕೆನೆಯಾಗುತ್ತಿದ್ದ. ಕಿಲ್ಲಾ ಒಡೆದ ಮೇಲೆ ಇಲ್ಲಿಗೆ ಬರಲು ನೆಪವಿರುವುದಿಲ್ಲ. ಅಷ್ಟರೊಳಗೆ ಹೇಳಿಬಿಡಬೇಕು. ಹೇಳುವ ಮಾತು ನಾಲಿಗೆಯವರೆಗೆ ಬರುತ್ತಿತ್ತು. ಅಲ್ಲಿ ಹೂಂ ಕಾವಲು ನಿಂತಿರುತ್ತಿತ್ತು.

ಮಂದಾರ ಅವನನ್ನು ಕೆಣಕಿದಳು. ಬೇಕೆಂದೇ ಕೋಟೆಯ ಬಾಗಿಲನ್ನು ಸೊಟ್ಟ ಇಟ್ಟಳು. "ನೆಟ್ಟಗದನಲ್ಲ?" "ಹೂಂರಿ." ಜಮಖಂಡಿಯವರಿಗೆ ಕಿಲ್ಲಾ ಕಟ್ಟಲು ಬರುವುದಿಲ್ಲ ಅಂದಳು. "ಹೂಂರಿ." ಕಡೆಗೆ ಅವಳು ಕೆಸರು ಕೈಯನ್ನು ಸೊಂಟಕ್ಕಿಟ್ಟು ಅವನ ಮುಖವನ್ನೇ ನೋಡಿದಳು, ಕಳೆದುಹೋದ ಸಾಮಾನು ಹುಡುಕುವವರ ಹಾಗೆ.

"ಆರಾಮ ಇಲ್ಲೇನ್ರಿ ನಿಮಗ?"

"ಆರಾಮ ಅದೀನ್ರಿ."

ಹಬ್ಬದ ಹಿಂದಿನ ಸಂಜೆ ಯಾರೋ ಕಾರು ಹಿಂದಕ್ಕೆ ತೆಗೆಯುತ್ತ ಕಿಲ್ಲಾದ ಬುರುಜಿಗೆ ತಾಕಿಸಿದರು. ಹಸಿ ಮಣ್ಣು ಕುಸಿಯಿತು. ಕಾರಿನವನು ಕಿಟಕಿ ಇಳಿಸಿ, "ಮಟ್ಟಿ ಕದಾ, ಮಳ್ಳೀ ಕಟ್ಟುಕೋಂಡಿ," ಎಂದು ತೆಲುಗಿನಲ್ಲಿ ಅಂದ. ಮಣ್ಣು ತಾನೆ, ಮತ್ತೆ ಕಟ್ಟಿಕೊಳ್ಳಿ. ಶಿವಪ್ರಕಾಶನ ಮುಷ್ಟಿ ಬಿಗಿಯಿತು. ಮಂದಾರ ಅವನತ್ತ ತಿರುಗಿದಳು, ಕಣ್ಣಲ್ಲಿ ಎಂಥದೋ ಆಸೆ.

"ಹೋಗ್ಲಿ ಬಿಡ್ರಿ," ಅಂದ ಶಿವಪ್ರಕಾಶ, ಹಲ್ಲು ಕಚ್ಚಿ.

ಆ ಆಸೆ ಆರಿತು. ಅವಳೇ ಹೋಗಿ ಕಾರಿನ ಬಾನೆಟ್ ಬಡಿದು, ಅವನಿಂದ ಮಾಫಿ ಹೇಳಿಸಿಕೊಂಡು ಬಂದಳು. ಆಮೇಲೆ ಅವನಿಗೆ ಬೆನ್ನು ಮಾಡಿ ಬುರುಜು ಕಟ್ಟತೊಡಗಿದಳು.

ಆಗಲೇ ಗಂಗೂಬಾಯಿ ಆ ಮಾತು ತೆಗೆದಳು.

"ನೋಡೋ ತಮ್ಮಾ, ಎಷ್ಟು ಸಂಭಾವಿತ ಇದ್ದಿ ನೀ. ನಮ್ಮ ಮಂದಾರಗ ಒಡಹುಟ್ಟಿದವರು ಯಾರೂ ಇಲ್ಲ. ಪ್ರತಿ ವರ್ಷ ಭಾವುಬೀಜಕ್ಕ ನಾ ನನ್ನ ತಮ್ಮಗ ಆರತಿ ಮಾಡೂವಾಗ ಈ ಹುಡುಗಿ ಸುಮ್ಮನ ನೋಡ್ಕೋತ ನಿಂತಿರ್ತದ. ಹೊಟ್ಟಿ ಚುರುಕ್ ಅಂತದ ನನಗ. ಈ ಸಲ ನೀ ಬಂದು ಮಣಿ ಮ್ಯಾಲ ಕೂಡು. ಅಣ್ಣ ಅಂತ ಆಕಿ ನಿನಗ ಆರತಿ ಮಾಡ್ಲಿ. ಬರ್ತೀಯಲ್ಲ?"

ಶಿವಪ್ರಕಾಶನ ಕಿವಿಯಲ್ಲಿ ಊರ ಪಟಾಕಿಗಳೆಲ್ಲ ಒಟ್ಟಿಗೆ ಸಿಡಿದವು. ಮಣೆಯ ಮೇಲೆ ಕೂತರೆ ಮುಗಿಯಿತು. ಹಣೆಗೆ ಕುಂಕುಮ, ಅಣ್ಣ ಎಂಬ ಹೆಸರು, ಅದು ಸಾಯುವವರೆಗೆ ಅಳಿಯುವುದಿಲ್ಲ. ಇಲ್ಲ ಅನ್ನಬೇಕು. ಈಗಲೇ. ಆದರೆ ಮುದುಕಿಯ ಕಣ್ಣು ತುಂಬಿದ್ದವು. ಬಾಯಿ ತನ್ನ ರೂಢಿಯಂತೆ ನಡೆದುಕೊಂಡಿತು.

"ಹೂಂರಿ ಬಾಯಾರ."

ಮಂದಾರಳ ಕೈಯ ಕೆಸರಿನ ಬುಟ್ಟಿ ನೆಲಕ್ಕೆ ಬಿತ್ತು.

"ಬರ್ತೀರಿ?"

"ಬಾಯಾರ ಕರದಾರಲ್ರಿ..."

"ಮಣಿ ಮ್ಯಾಲ ಕೂಡ್ತೀರಿ?"

ಅವನು ಬಗ್ಗಿ ಚೆಲ್ಲಿದ ಕೆಸರನ್ನು ಬುಟ್ಟಿಗೆ ಬಳಿಯತೊಡಗಿದ.

"ಭಾಳ ಛಲೋ. ಬರ್ರಿ, ಅಣ್ಣಾವರ." ಅವಳು ಕೈ ಝಾಡಿಸಿ ಲಿಫ್ಟಿನತ್ತ ನಡೆದಳು. ಕಣ್ಣಿನ ಅಂಚು ಹೊಳೆದದ್ದನ್ನು ಅವನು ಕಂಡ. ಅದು ನಗುವಲ್ಲ.

ಅಂಗಡಿಗೆ ಬಂದು ಹೇಳಿದಾಗ ಕಲ್ಯಾಣಪ್ಪ ನಕ್ಕು ನಕ್ಕು ಗಾದಿಯ ಮೇಲೆ ಹೊರಳಿದ. "ಎಲಾ ಇವನ! ಹೂಂ ಅನ್ನು ಅಂದೆ, ಆ ಹುಡುಗಿಗೆ ಅಣ್ಣ ಆಗಾಕೂ ಹೂಂ ಅನ್ನು ಅಂದಿದ್ನೇನ?"

"ನಿನ್ನ ಮಾತು ಕೇಳಿ ಹಾಳಾದೆ, ಮಾಮಾ!"

"ಹೋಗಬ್ಯಾಡ ಹಂಗಾರ."

"ಹೋಗದಿದ್ರ ಇನ್ನ ಆಕಿ ಮಾರಿ ಹೆಂಗ ನೋಡ್ಲಿ? ಹೋದ್ರ ಏನಂತ ನೋಡ್ಲಿ?"

ಭಾವುಬೀಜದ ಮಧ್ಯಾಹ್ನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ನೇಣುಗಂಬಕ್ಕೆ ಹೊರಟವನ ಮುಖ ಹೊತ್ತು ಶಿವಪ್ರಕಾಶ ಅವರ ಮನೆಯ ಬಾಗಿಲಲ್ಲಿ ನಿಂತ. ಹಾಲ್‌ನಲ್ಲಿ ಎರಡು ಮಣೆ, ಸುತ್ತ ರಂಗೋಲಿ. ಒಂದರ ಮೇಲೆ ಮಂದಾರಳ ಅಪ್ಪ ರಾಘವೇಂದ್ರ, ನೀರಾವರಿ ಇಲಾಖೆಯಿಂದ ನಿವೃತ್ತರಾದ ಇಂಜಿನಿಯರ್, ಟೋಪಿ ಇಟ್ಟುಕೊಂಡು ಕೂತಿದ್ದರು. ಗಂಗೂಬಾಯಿ ತಮ್ಮನಿಗೆ ಆರತಿ ಮುಗಿಸಿದ್ದಳು. ಇನ್ನೊಂದು ಮಣೆ ಖಾಲಿ.

ಮಂದಾರ ಒಳಗಿನಿಂದ ಆರತಿಯ ತಾಟು ಹಿಡಿದು ಬಂದಳು. ಹಸಿರು ಇಳಕಲ್ ಸೀರೆ. ಮುಡಿಯಲ್ಲಿ ಅಬ್ಬಲಿಗೆ. ದೀಪದ ಬೆಳಕು ಅವಳ ಗದ್ದದ ಕೆಳಗೆ ಆಡುತ್ತಿತ್ತು. ಅವಳು ಅವನನ್ನು ನೋಡಲಿಲ್ಲ. ಆ ನೋಡದಿರುವುದು ಕೋಣೆಯ ಆ ತುದಿಯಿಂದ ಈ ತುದಿಗೆ ಬಂದು ಅವನ ಎದೆಗೆ ನಾಟಿತು.

"ಕೂಡೋ ತಮ್ಮಾ," ಅಂದಳು ಗಂಗೂಬಾಯಿ.

ಅವನು ಚಪ್ಪಲಿ ಬಿಟ್ಟ. ಮಣೆಯ ಹತ್ತಿರ ಹೋದ. ಮೊಣಕಾಲು ಮಡಚಿದ. ಅರ್ಧ ಕೂತ. ಆಗ ಮಂದಾರ ನೋಡಿದಳು. ಎಡಹುಬ್ಬು ಮೇಲೇರಲಿಲ್ಲ. ಸೋತುಬಿದ್ದಿತ್ತು.

"ನಾ ಕೂಡಂಗಿಲ್ಲ!"

ಆ ಕೂಗಿಗೆ ಶೋಕೇಸಿನ ಗಾಜು ಅದುರಿತು. ಶಿವಪ್ರಕಾಶ ಸ್ಪ್ರಿಂಗಿನಂತೆ ಎದ್ದು ನಿಂತಿದ್ದ.

"ಬಾಯಾರ, ನೀವು ತಾಯಿ ಇದ್ದಂಗ, ನಿಮ್ಮ ಕಾಲಿಗೆ ಬೀಳ್ತೀನಿ, ಆದ್ರ ಈ ಮಣಿ ಮ್ಯಾಲ ಕೂಡಂಗಿಲ್ಲ! ನಾ ಸಂಭಾವಿತ ಅಲ್ರಿ! ಸುಳ್ಳು ಅದು! ಹೂಂ ಅಂದಂದು ನನ್ನ ಗಂಟಲಾ ಹರಿದೈತಿ! ಮೊನ್ನಿ ಆ ಕಾರಿನಂವಗ ನಾಕು ಹಾಕಬೇಕಂತ ಇಡೀ ರಾತ್ರಿ ನಿದ್ದಿ ಬಂದಿಲ್ಲ! ಕಿಲ್ಲಾದ ಬಾಗಲಾ ಸೊಟ್ಟ ಐತಿ, ದಿನಾ ನೋಡಿ ಕಣ್ಣ ಉರೀತಾವ! ಜಮಖಂಡ್ಯಾವ್ರಿಗೆ ಕಿಲ್ಲಾ ಕಟ್ಟಾಕ ಬರಂಗಿಲ್ಲಂತ ಅಂದ್ಲಲ್ರಿ ಈಕಿ, ಅಥಣ್ಯಾವ್ರಿಗೆ ನಾವಽ ಕಲಿಸೇವಿ!"

"ಏ ತಮ್ಮಾ..." ರಾಘವೇಂದ್ರರು ಮಣೆಯಿಂದ ಏಳಲು ನೋಡಿದರು.

"ತಡೀರಿ ಸಾಹೇಬ್ರ, ಮುಗದಿಲ್ಲ! ನಾ ಒಂಬತ್ತನೇತ್ತಾ ಬಿಟ್ಟಂವ. ಸಿಟ್ಟಿನಂವ. ಗೊಂಬಿ ಮಾರಾಂವ. ಎಲ್ಲಾ ಖರೆ. ನಿಮ್ಮ ಮನ್ಯಾಗ ನೀರು ಹೊರು ಅನ್ರಿ, ಹೊರ್ತೀನಿ. ಗೇಟ್ ಕಾಯಿ ಅನ್ರಿ, ಕಾಯ್ತೀನಿ. ಏನರ ಆಗು ಅನ್ರಿ ಆಗ್ತೀನಿ, ನಿಮ್ಮ ಮಗಳಿಗೆ ಅಣ್ಣ ಮಾತ್ರ ಆಗಂಗಿಲ್ಲ! ಯಾಕಂದ್ರ ಆಕಿ ಅಂದ್ರ ನನಗ... ಆಕಿ ಅಂಗಡಿಗೆ ಬಂದು ಬೈದಾಗಿಂದ ನನಗ ಬ್ಯಾರೆ ಯಾರ ಬೈಗಳಾನೂ ರುಚಿ ಹತ್ತವಲ್ದು!"

ಎದುರಿನ ಫ್ಲ್ಯಾಟಿನ ಬಾಗಿಲು ತೆರೆದುಕೊಂಡಿತು. ಕೆಳಗಿನಿಂದ ವಾಚ್‌ಮನ್ ಮಲ್ಲಣ್ಣ, "ಏಮೈಂದಿ ಸಾರ್?" ಎಂದು ಕೂಗಿದ.

ಮಂದಾರಳ ಕೈಯ ತಾಟು ನಡುಗುತ್ತಿತ್ತು. ದೀಪ ಓಲಾಡಿತು. ಅಳುತ್ತಿದ್ದಾಳೆ ಎಂದುಕೊಂಡ ಅವನು. ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು.

"ಇಷ್ಟು ದಿನಾ ಎಲ್ಲೆ ಸತ್ತು ಹೋಗಿದ್ರಿ ನೀವು?" ಅಂದಳು, ಅವನಷ್ಟೇ ಜೋರಾಗಿ. "ಬೇಗಂ ಬಜಾರಿನ್ಯಾಗ ನನ್ನ ಜೋಡಿ ಜಗಳಾಡಿದ ಮನಶ್ಯಾ ದಿನಾ ಬರ್ತಾನ ಅಂತ ದಾರಿ ನೋಡ್ತೀನಿ ನಾನು, ದಿನಾ ಯಾರೋ ಹೂಂ ಹೂಂ ಅನ್ನೋ ಪಾರಿವಾಳ ಬಂದು ಹೋಗ್ತದ! ಬಾಗಲಾ ಬೇಕಂತ ಸೊಟ್ಟ ಇಟ್ಟೆ, ಬೈಲಿಲ್ಲ. ನಿಮ್ಮ ಊರಿಗೆ ಅಂದೆ, ಬೈಲಿಲ್ಲ. ಅಣ್ಣ ಆಗ್ತೀಯೇನು ಅಂದ್ರ ಅದಕ್ಕೂ ಹೂಂ! ಇವತ್ತ ನೀವು ಕೂತಿದ್ರ ಈ ತಾಟು ನಿಮ್ಮ ತಲಿ ಮ್ಯಾಲ ಹಾಕ್ತಿದ್ದೆ, ದೀಪದ ಸಮೇತ!"

"ನನಗೇನ ಗೊತ್ತ್ರಿ? ಹೇಳಬೇಕಿಲ್ಲೋ?"

"ನಾ ಯಾಕ ಹೇಳ್ಲಿ? ನಿಮಗ ಬಾಯಿ ಇಲ್ಲ?"

"ಏನ್ ನಡದದ ಇಲ್ಲೆ?" ರಾಘವೇಂದ್ರರ ಗುಡುಗು ಇಬ್ಬರ ಗುಡುಗನ್ನೂ ಮುಚ್ಚಿತು. "ಓದಿಲ್ಲ, ನಮ್ಮ ಪೈಕಿ ಅಲ್ಲ, ಅದರಾಗ ನನ್ನ ಮನ್ಯಾಗ ನಿಂತು ನನ್ನ ಮುಂದಽ ಒದರ್ತಾನ! ಇಂಥಾ ಸಿಟ್ಟಿನ ಮನಶ್ಯಾನ್ನ ನಾ ಜನ್ಮದಾಗ ನೋಡಿಲ್ಲ!"

"ಕನ್ನಡಿ ನೋಡೂದಿಲ್ಲೇನ ರಾಘೂ ನೀ?" ಅಂದಳು ಗಂಗೂಬಾಯಿ.

ಮುದುಕಿ ಸೆರಗು ಸರಿಮಾಡಿಕೊಂಡು ತನ್ನ ಆರತಿಯ ತಾಟನ್ನು ಎತ್ತಿ ತಮ್ಮನ ಮುಂದೆ ಹಿಡಿದಳು.

"ಆರತಿ ಮಾಡೀನಿ. ಇನ್ನೂ ತಾಟಿನ್ಯಾಗ ಏನೂ ಹಾಕಿಲ್ಲ ನೀ."

"ಈಗ ಅದಾ?" ರಾಘವೇಂದ್ರರು ಗೊಣಗುತ್ತ ಪಕ್ಕದಲ್ಲಿದ್ದ ಸೀರೆಯ ಪೊಟ್ಟಣ ತೆಗೆದರು.

"ಸೀರಿ ಬ್ಯಾಡ. ಹುಟ್ಟಿದಾಗಿಂದ ನಿನಗ ಆರತಿ ಮಾಡ್ಲಿಕ್ಕತ್ತೀನಿ, ನೀ ಕೊಟ್ಟದ್ದು ತೊಗೊಂಡೀನಿ. ಇವತ್ತ ನಾ ಕೇಳಿದ್ದು ಕೊಡು. ಭಾವುಬೀಜದ ದಿನಾ ಅಕ್ಕ ಕೇಳಿದ್ದಕ್ಕ ಇಲ್ಲ ಅನ್ನಬಾರದು."

"ಏನು ಬೇಕು?"

"ಈ ಹುಡುಗ ಇವತ್ತ ಇಲ್ಲೇ ಉಣ್ಲಿ. ಅವರ ಮಾಮಾನ್ನ ನಾಳಿಗೆ ಕರೀ. ಕೂತು ಮಾತಾಡು. ಅಣ್ಣನ್ನ ಮಾಡ್ಲಿಕ್ಕೆ ಹೊಂಟಾಕಿ ನಾನಽ, ತಪ್ಪು ನಂದು. ಆದ್ರ ಮಂದಾರ ಹಿಂಗ ನಕ್ಕದ್ದು ನೀ ಯಾವಾಗ ನೋಡಿದ್ದಿ ಹೇಳು?"

ರಾಘವೇಂದ್ರರು ಮಗಳನ್ನು ನೋಡಿದರು. ಅವಳು ತಾಟನ್ನು ಎದೆಗವಚಿಕೊಂಡು, ಕಣ್ಣೊರೆಸಿಕೊಳ್ಳುತ್ತ, ಇನ್ನೂ ನಗು ತಡೆಯಲಾಗದೆ ನಿಂತಿದ್ದಳು. ಅವರು ಟೋಪಿ ತೆಗೆದರು, ಮತ್ತೆ ಇಟ್ಟುಕೊಂಡರು.

"ಸೀರಿನೂ ತೊಗೊ," ಅಂದರು ಕೊನೆಗೆ, ಪೊಟ್ಟಣವನ್ನು ತಾಟಿನಲ್ಲಿಟ್ಟು. "ಅದನ್ನೂ ತೊಗೊ, ಇದನ್ನೂ ತೊಗೊ. ಅಕ್ಕ ಆದಾಕಿ ಒಂದಕ್ಕ ಸುಮ್ಮನಿರ್ತಾಳೇನು?" ಆಮೇಲೆ ಶಿವಪ್ರಕಾಶನತ್ತ ಗದರಿದರು. "ಏ ತಮ್ಮಾ, ಏನ್ ನಿಂತು ನೋಡ್ತಿ? ಕೈ ತೊಳಿ. ಎಲಿ ಹಾಕ್ಯಾರ. ಕಿಲ್ಲಾ ಇವತ್ತ ಒಡಿಯೂದು ಬ್ಯಾಡ. ನಾಳೆ ನಿಮ್ಮ ಮಾಮಾ ಬರ್ಲಿ, ಬಾಗಲಾ ಸೊಟ್ಟ ಅದನೋ ನೆಟ್ಟಗದನೋ ಟೇಪ್ ಹಿಡಿದು ಅಳದು ನೋಡೂಣು."

ಮಲ್ಲಣ್ಣನಿಗೆ ಏನೂ ಆಗಿಲ್ಲವೆಂದು ಬಾಲ್ಕನಿಯಿಂದ ಹೇಳಿದ್ದೂ ಅವರೇ.

ಶಿವಪ್ರಕಾಶ ಕೈ ತೊಳೆದು ಎಲೆಯ ಮುಂದೆ ಕೂತ. ಮಂದಾರ ಹೋಳಿಗೆಯ ಬುಟ್ಟಿ ಹಿಡಿದು ಬಂದಳು. ಬಗ್ಗಿದಾಗ ಅಬ್ಬಲಿಗೆಯ ಒಂದು ಹೂ ಜಾರಿ ಅವನ ಎಲೆಯ ತುದಿಗೆ ಬಿತ್ತು. ಇಬ್ಬರೂ ನೋಡಿದರು, ಇಬ್ಬರೂ ತೆಗೆಯಲಿಲ್ಲ.

"ಇನ್ನೊಂದು ಹಾಕ್ಲಿ?"

"ಬ್ಯಾಡ್ರಿ," ಅಂದ ಮೆಲ್ಲಗೆ.

ಹಾಕಿದಳು.

"ಸಾಕ್ರಿ."

ಮತ್ತೊಂದು ಹಾಕಿದಳು.

"ಬ್ಯಾಡಂದ್ರ ತಿಳಿಯಂಗಿಲ್ಲೇನ್ರಿ ನಿಮಗ!" ಅವನ ದನಿ ಏರಿತು. ಒಳಗೆ ರಾಘವೇಂದ್ರರು ಕೆಮ್ಮಿದರು.

ಮಂದಾರ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಅವನ ಎದುರಿಗೆ ಕೂತಳು. ಗದ್ದಕ್ಕೆ ಕೈಯಾನಿಸಿ, ಎಡಹುಬ್ಬು ಏರಿಸಿ, ತೃಪ್ತಿಯಿಂದ ಅವನ ಕೆಂಪು ಮುಖ ನೋಡಿದಳು.

"ಹಾಂ," ಅಂದಳು. "ಹಿಂಗ. ಇನ್ನೊಮ್ಮೆ ಅನ್ರಿ."